ಗೊಂಬೆಗೂ ಬೇಕು ಒಂದು ಯುರೋಪ್ ವಿಳಾಸ

ಚನ್ನಪಟ್ಟಣದ ಗಿಲಕಿಯೊಂದು ಪ್ಯಾರಿಸ್‌ನ ತಾಯಿಯೊಬ್ಬಳಿಗೆ ಮೊಬೈಲಿನಲ್ಲಿ ಕಂಡು ಇಷ್ಟವಾಯಿತು ಎಂದಿಟ್ಟುಕೊಳ್ಳಿ. ಫೋಟೊ, ಬೆಲೆ, ಅಳತೆ ಎಲ್ಲವೂ ಇದೆ. ಆದರೂ ಅದು ಅವಳ ಕೈಸೇರದೆ ಹೋಗಬಹುದು. ಆ ಪುಟದಲ್ಲಿ ಒಂದು ಸಾಲು ಖಾಲಿಯಿದೆ: ಏನಾದರೂ ಎಡವಟ್ಟಾದರೆ ಯುರೋಪಿನ ನೆಲದಲ್ಲಿ ನಿಂತು ಉತ್ತರ ಹೇಳುವವರು ಯಾರು?

ಆನ್‌ಲೈನ್‌ನಲ್ಲಿ ಸಣ್ಣದಾಗಿ ವ್ಯಾಪಾರ ಮಾಡುವವರನ್ನು ಈಗ ಕಾಡುತ್ತಿರುವುದು ಈ ಸಾಲೇ. ಐರೋಪ್ಯ ಒಕ್ಕೂಟದ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ 2024ರ ಡಿಸೆಂಬರ್ 13ರಂದು ಜಾರಿಗೆ ಬಂತು. ಒಕ್ಕೂಟದ 27 ದೇಶಗಳ ಜೊತೆಗೆ ಉತ್ತರ ಐರ್ಲೆಂಡಿಗೂ ಇದು ಅನ್ವಯ. ಆಟಿಕೆಗಳಿಗೆ ಅಲ್ಲಿನ ‘ಹೊಣೆಗಾರ ವ್ಯಕ್ತಿ’ ಇರಬೇಕೆಂಬ ಷರತ್ತು 2021ರ ಜುಲೈನಿಂದಲೇ ಇತ್ತು. ಹೊಸ ನಿಯಮ ಅದನ್ನು ಇತರ ಗ್ರಾಹಕ ಸರಕುಗಳಿಗೂ ಹಬ್ಬಿಸಿತು. ಕಸೂತಿ ಹಾಕಿದ ಚೀಲ, ಅಗರಬತ್ತಿ, ಕಿವಿಯೋಲೆ ಯಾವುದೂ ಹೊರತಲ್ಲ. ವರ್ಷಕ್ಕೆ ಹತ್ತು ಪಾರ್ಸೆಲ್ ಕಳಿಸುವವರಿಗೂ ಹತ್ತು ಸಾವಿರ ಕಳಿಸುವವರಿಗೂ ನಿಯಮ ಒಂದೇ.

ಮಾರಾಟದ ಪುಟದಲ್ಲಿ ತಯಾರಕರ ಹೆಸರು, ಅಂಚೆ ವಿಳಾಸ, ಇಮೇಲ್, ಯುರೋಪಿನ ಹೊಣೆಗಾರರ ವಿವರ, ಸರಕನ್ನು ಗುರುತಿಸಲು ಚಿತ್ರ ಮತ್ತು ಬಗೆ, ಕೊಳ್ಳುವವರ ದೇಶದವರಿಗೆ ಅರ್ಥವಾಗುವ ಭಾಷೆಯಲ್ಲಿ ಎಚ್ಚರಿಕೆ ಇರಲೇಬೇಕು. ಸರಕಿನ ಮೇಲೆ ಬ್ಯಾಚ್ ಸಂಖ್ಯೆಯಂಥ ಗುರುತು ಬೇಕು. ಅಪಾಯ ಎಲ್ಲಿಂದ ಬರಬಹುದು, ಅದಕ್ಕೆ ಏನು ಮಾಡಿದ್ದೀರಿ ಎಂದು ಬರೆದ ಕಡತವನ್ನು ತಯಾರಕರು 10 ವರ್ಷ ಕಾಪಾಡಬೇಕು. ಅಧಿಕಾರಿಗಳು ಆದೇಶಿಸಿದರೆ ಎರಡು ಕೆಲಸದ ದಿನಗಳೊಳಗೆ ಅಪಾಯಕಾರಿ ಸರಕನ್ನು ಪುಟದಿಂದ ತೆಗೆಯುವ ಹೊಣೆ ಆನ್‌ಲೈನ್ ಮಾರುಕಟ್ಟೆಗಳ ಮೇಲಿದೆ. ಹೀಗಾಗಿ ಅವೂ ವಿವರ ತುಂಬದವರ ಬಗ್ಗೆ ಮುಲಾಜು ನೋಡುವುದಿಲ್ಲ.

ನಮ್ಮಲ್ಲಿ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು 2021ರ ಜನವರಿಯಿಂದ ಕಡ್ಡಾಯ. ಆದರೆ ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಸೂಚಕ ಪಡೆದ ಆಟಿಕೆಗಳ ಅಧಿಕೃತ ಬಳಕೆದಾರರಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ. ಚನ್ನಪಟ್ಟಣಕ್ಕೆ ಆ ಸೂಚಕ ಇರುವುದರಿಂದ ಅಲ್ಲಿನವರಿಗೆ ಇದು ದೊಡ್ಡ ಆಸರೆ. ಗಡಿ ದಾಟಿದೊಡನೆ ಈ ವಿನಾಯಿತಿಗೆ ಬೆಲೆಯಿಲ್ಲ. ಯುರೋಪಿಗೆ ಹೋಗುವ ಆಟಿಕೆಗೆ ಅಲ್ಲಿನ ಸುರಕ್ಷತಾ ನಿಯಮ ಪಾಲಿಸಿದೆ ಎಂದು ಸಾರುವ ಸಿಇ ಗುರುತು ಬೇಕು, ಅದರ ಹಿಂದೆ ಪುರಾವೆಯೂ ಬೇಕು.

ಪುರಾವೆ ಎಷ್ಟು ಸೂಕ್ಷ್ಮಕ್ಕೆ ಇಳಿಯುತ್ತದೆ ನೋಡಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯನ್ನು ಪರೀಕ್ಷಿಸಲು ಒಂದು ಪುಟ್ಟ ಕೊಳವೆಯಿದೆ. ಅಗಲ 31.7 ಮಿಲಿಮೀಟರ್, ಓರೆಯಾದ ತಳ, ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿಲಿಮೀಟರ್. ಅಂದಾಜು ಪುಟ್ಟ ಮಗುವಿನ ಗಂಟಲಿನ ಅಳತೆ. ಆಟಿಕೆಯನ್ನು ಜಗ್ಗಿ, ತಿರುಚಿ, ಬೀಳಿಸಿದ ಮೇಲೆ ಕಳಚಿ ಬಂದ ಮಣಿಯೊಂದು ಒತ್ತದೆಯೇ ಆ ಕೊಳವೆಯೊಳಗೆ ಪೂರ್ತಿ ಅಡಗಿದರೆ ಆಟಿಕೆ ಫೇಲು. ಇನ್ನು ಬಣ್ಣ. ಕೆರೆದು ತೆಗೆದ ಲೇಪದಿಂದ ಹೊರಬರುವ ಸೀಸ ಕಿಲೋಗೆ 23 ಮಿಲಿಗ್ರಾಂ ಮೀರುವಂತಿಲ್ಲ.

ಚನ್ನಪಟ್ಟಣದಲ್ಲಿ ಬಣ್ಣ ಹಾಕುವುದು ಅರಗಿನಿಂದ. ಲೇತ್‌ನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಕಾವಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆಗರಿ ಉಜ್ಜಿ ಹೊಳಪು ತರುತ್ತಾರೆ. ಒಳ್ಳೆಯ ಅರಗಿಗೆ ಅರಿಸಿನದಂಥ ಬಣ್ಣ ಬೆರೆಸಿದ್ದರೆ ಮಗು ಬಾಯಿಗಿಟ್ಟರೂ ಭಯವಿಲ್ಲ ಎಂಬುದು ಕುಶಲಕರ್ಮಿಗೆ ಗೊತ್ತು. ಅದನ್ನು ಕಾಗದದ ಮೇಲೆ ತೋರಿಸುವುದೇ ಕಷ್ಟ. ಎಲ್ಲ ಆಟಿಕೆಗೂ ಹೊರಗಿನ ಪ್ರಯೋಗಾಲಯದ ಮುದ್ರೆಯನ್ನು ಕಾನೂನು ಕೇಳುವುದಿಲ್ಲ. ಆದರೆ ಸೀಸ ಇಲ್ಲವೆಂದು ಪರೀಕ್ಷೆ ಮಾಡಿಸದೆ ತೋರಿಸುವುದು ಹೇಗೆ? ಐವತ್ತು ಗೊಂಬೆ ಮಾರಲಿ, ಐವತ್ತು ಸಾವಿರ ಮಾರಲಿ, ಆ ಪರೀಕ್ಷೆಯ ಶುಲ್ಕ ಮಾತ್ರ ಅಷ್ಟೇ. ಸಣ್ಣವರ ಸೊಂಟ ಮುರಿಯುವುದು ಇಲ್ಲಿ. ಈ ತಾಪತ್ರಯವೇ ಬೇಡವೆಂದು ಯುರೋಪಿಗೆ ಕಳಿಸುವುದನ್ನೇ ನಿಲ್ಲಿಸಿದವರು ಬ್ರಿಟನ್, ಅಮೆರಿಕಗಳಲ್ಲೂ ಇದ್ದಾರೆ.

‘ಬರ್ಲಿನ್‌ನಲ್ಲಿ ಅಣ್ಣನ ಮಗ ಇದ್ದಾನಲ್ಲ, ಅವನ ವಿಳಾಸ ಹಾಕಿದರಾಯಿತು’ ಎನ್ನುವವರಿದ್ದಾರೆ. ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಆಮದುದಾರ ಇಲ್ಲದಿದ್ದಾಗ ಲಿಖಿತ ಅಧಿಕಾರಪತ್ರ ಪಡೆದ ಯಾರಾದರೂ ಹೊಣೆ ಹೊರಬಹುದು. ಆದರೆ ಕಡತ ಸರಿಯಿದೆಯೇ ಎಂದು ನೋಡುವುದು, ಅಧಿಕಾರಿಗಳು ಕೇಳಿದಾಗ ಒಪ್ಪಿಸುವುದು, ಅಪಾಯ ಕಂಡರೆ ತಿಳಿಸುವುದು ಎಲ್ಲ ಆ ಹುಡುಗನ ಕೊರಳಿಗೆ. ಹಬ್ಬಕ್ಕೆ ಫೋನ್ ಮಾಡಿದಾಗ ಬಾಯಿಮಾತಿನಲ್ಲಿ ಒಪ್ಪಿಸುವ ಕೆಲಸ ಇದಲ್ಲ. ಇನ್ನೊಂದು ಮಾತು: ಬೇರೆಯವರು ಮಾಡಿದ್ದಕ್ಕೆ ನಿಮ್ಮ ಬ್ರ್ಯಾಂಡಿನ ಚೀಟಿ ಅಂಟಿಸಿದಿರೋ, ಕಾನೂನಿನ ಕಣ್ಣಿಗೆ ತಯಾರಕರು ನೀವೇ.

ಇಂಥ ಬಿಕ್ಕಟ್ಟನ್ನು ಅಮೆರಿಕ ಮೊದಲೇ ಕಂಡಿದೆ. 2007ರಲ್ಲಿ ಸೀಸದ ಬಣ್ಣದ ಆಟಿಕೆಗಳನ್ನು ಮ್ಯಾಟೆಲ್‌ನಂಥ ದೈತ್ಯ ಕಂಪನಿಗಳು ವಾಪಸು ಕರೆಸಿಕೊಂಡವು. ಮರುವರ್ಷ ಕಠಿಣ ಕಾನೂನು ಬಂದು, ಮನೆಯಲ್ಲೇ ಮರದ ಆಟಿಕೆ ಮಾಡುವವರ ಮೇಲೂ ಅದೇ ಪರೀಕ್ಷೆಯ ಭಾರ ಬಿತ್ತು. ಅವರು ‘ಹ್ಯಾಂಡ್‌ಮೇಡ್ ಟಾಯ್ ಅಲಯನ್ಸ್’ ಎಂಬ ಒಕ್ಕೂಟ ಕಟ್ಟಿ ದನಿ ಎತ್ತಿದರು. 2011ರ ತಿದ್ದುಪಡಿಯಲ್ಲಿ ಸಣ್ಣ ಪ್ರಮಾಣದ ತಯಾರಕರಿಗೆ ಕೆಲವು ಹೊರಗಿನ ಪರೀಕ್ಷೆಗಳಿಂದ ಬಿಡುವು ಸಿಕ್ಕಿತು. ಬಣ್ಣದ ಸೀಸ ಮತ್ತು ಸಣ್ಣ ಬಿಡಿಭಾಗಗಳ ಪರೀಕ್ಷೆ ಹಾಗೇ ಉಳಿಯಿತು. ಬಣ್ಣವನ್ನೇ ಬೇರೆಯಾಗಿ ಪರೀಕ್ಷಿಸಿ, ಅದನ್ನು ಬಳಸಿದ ಎಲ್ಲ ಆಟಿಕೆಗೂ ಆ ವರದಿ ತೋರಿಸಲು ಅಲ್ಲಿ ಅವಕಾಶವೂ ಇದೆ.

ನಮಗೆ ಬೇಕಾದ ಸುಳಿವು ಇದೇ. ನೂರು ಮನೆಗಳ ಗೊಂಬೆಗಳಿಗೆ ಬಳಸುವುದು ಹೆಚ್ಚೆಂದರೆ ಹತ್ತಿಪ್ಪತ್ತು ಬಣ್ಣದ ಅರಗು. ಅರಗನ್ನು ಒಟ್ಟಿಗೆ ತಯಾರಿಸಿ, ಒಮ್ಮೆ ಪರೀಕ್ಷಿಸಿ, ವರದಿಯನ್ನು ಹಂಚಿಕೊಂಡರೆ ತಲಾ ಖರ್ಚು ತೀರಾ ಇಳಿಯುತ್ತದೆ. ಯುರೋಪಿನಲ್ಲಿ ಒಬ್ಬ ಹೊಣೆಗಾರನನ್ನು ಇಡೀ ಊರಿನ ಪರವಾಗಿ ನೇಮಿಸಬಹುದು. ಬಿಡಿ ಕುಶಲಕರ್ಮಿಯ ಕೈಮೀರಿದ ಈ ಕೆಲಸಕ್ಕೆ ಕರಕುಶಲ ನಿಗಮವೋ ರಫ್ತು ಉತ್ತೇಜನ ಮಂಡಳಿಯೋ ಹೆಗಲು ಕೊಡಬೇಕು. ಕಾಲಾವಕಾಶವೂ ಹೆಚ್ಚಿಲ್ಲ. 2025ರಲ್ಲಿ ಯುರೋಪ್ ಆಟಿಕೆಗಳಿಗೆಂದೇ ಹೊಸ ಕಾನೂನು ಮಾಡಿದ್ದು, 2030ರಿಂದ ಪ್ರತಿ ಆಟಿಕೆಗೂ ಅದರ ಸುರಕ್ಷತೆಯ ವಿವರವಿರುವ ಡಿಜಿಟಲ್ ಪಾಸ್‌ಪೋರ್ಟ್ ಬೇಕಾಗುತ್ತದೆ.

ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಲೆಕ್ಕ ಕೇಳುವುದು ತಪ್ಪಲ್ಲ. ಆ ಲೆಕ್ಕ ಬರೆಸುವ ಖರ್ಚನ್ನು ಒಂಟಿ ಕುಶಲಕರ್ಮಿಯ ತಲೆಗೆ ಕಟ್ಟಿದರೆ ಮಾತ್ರ, ಗೊಂಬೆ ಎಷ್ಟೇ ಸುರಕ್ಷಿತವಾಗಿದ್ದರೂ ಯುರೋಪಿನ ಮಾರುಕಟ್ಟೆ ದೊಡ್ಡ ಕಾರ್ಖಾನೆಗಳ ಪಾಲಾಗುತ್ತದೆ.