ಪಾದ್ರಿಗಳ ಸಂಸಾರ

ಉಳಿದ ಮೂರು ಆಶ್ರಮಗಳೂ ಗೃಹಸ್ಥಾಶ್ರಮವನ್ನೇ ಆಧರಿಸಿ ನಿಂತಿವೆಯೆಂದು ನಮ್ಮ ಧರ್ಮಶಾಸ್ತ್ರಕಾರರು ಹೇಳಿರುವುದನ್ನು ವಾಚಕರು ಬಲ್ಲರು. ಆದರೂ ಧರ್ಮಪ್ರಚಾರಕನೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಮನೆಮಠಗಳನ್ನು ತೊರೆದ ಯತಿಯ ಚಿತ್ರವೇ. ಕನಕಪುರದ ಸೀಮೆಯ ಹಾರೋಬೆಲೆಯಂಥ ಕ್ರೈಸ್ತ ಗ್ರಾಮವನ್ನು ಕಂಡವರಿಗೆ, ಕ್ಯಾಥೊಲಿಕ್ ಪಾದ್ರಿಗಳೂ ನಮ್ಮ ಯತಿಗಳಂತೆ ಅವಿವಾಹಿತರೆಂಬುದು ತಿಳಿದ ವಿಷಯ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದಲೂ ಜರ್ಮನಿಯಿಂದಲೂ ಕನ್ನಡನಾಡಿಗೆ ಬಂದ ಪ್ರಾಟೆಸ್ಟೆಂಟ್ ಪಾದ್ರಿಗಳ ಬಗೆ ಬೇರೆ. ಅವರಲ್ಲಿ ಬಹುಮಂದಿ ಹೆಂಡತಿಯೊಡನೆ ಬಂದರು, ಇಲ್ಲವೆ ಬಂದ ಮೇಲೆ ಹೆಂಡತಿಯನ್ನು ಕರೆಸಿಕೊಂಡರು. ಇಲ್ಲಿಯೇ ಮಕ್ಕಳನ್ನು ಪಡೆದರು. ತಮ್ಮವರಲ್ಲಿ ಎಷ್ಟೋ ಮಂದಿಯನ್ನು ಇಲ್ಲಿಯೇ ಮಣ್ಣುಮಾಡಿದರು. ಅವರ ಮುದ್ರಣಾಲಯ, ಪಾಠಶಾಲೆ, ನಿಘಂಟುಗಳ ವಿಚಾರವಾಗಿ ಬೇಕಾದಷ್ಟು ಬರೆದಿದ್ದಾಗಿದೆ. ಅವರ ಅಡಿಗೆಮನೆ ತೊಟ್ಟಿಲುಗಳ ವಿಚಾರವಾಗಿ ಬರೆದುದು ಕಡಮೆ. ಗೃಹಸ್ಥರೇ ಓದುವ ಈ ಪುಟಗಳಲ್ಲಿ ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನಮ್ಮ ಉದ್ದೇಶ. ಮತಾಂತರವು ಸರಿಯೋ ತಪ್ಪೋ ಎಂಬ ವಾದವನ್ನು ತೂಗುವ ತಕ್ಕಡಿ ಬೇರೆ. ನಾವಿಂದು ಹಿಡಿಯುವುದು ಸಂಸಾರಿಯ ತಕ್ಕಡಿ.

ಮೊದಲು ಅವರ ಪ್ರಯಾಣವನ್ನೇ ನೋಡೋಣ. ಸೂಯೆಜ್ ಕಾಲುವೆಯನ್ನು ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಇಂಗ್ಲೆಂಡಿನ ಹಾಯಿಹಡಗು ಆಫ್ರಿಕಾ ಖಂಡದ ದಕ್ಷಿಣದ ತುದಿಯನ್ನು ಬಳಸಿಕೊಂಡು ಮದರಾಸನ್ನು ಮುಟ್ಟುವ ಹೊತ್ತಿಗೆ ತಿಂಗಳುಗಳೇ ಕಳೆಯುತ್ತಿದ್ದುವು. ದಡಕ್ಕಿಳಿದ ಮೇಲೆ ಪಾಲಕಿ ಅಥವಾ ಎತ್ತಿನ ಗಾಡಿ. ನಮ್ಮ ಊರುಗಳ ಮೇಲೆ ಹಾದು ಹೋಗುವ ಬೆಂಗಳೂರು–ಮೈಸೂರು ರೈಲುದಾರಿಯಾದುದು 1881–82ರಲ್ಲಿ. ಅದಕ್ಕೂ ಹಿಂದೆ, ಅಂದು ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರ ಮತ್ತು ಚನ್ನಪಟ್ಟಣಗಳ ಮಾರ್ಗವಾಗಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಸಂಸಾರವು, ಅದು ಪಾದ್ರಿಯದಾಗಲಿ ಶಾನುಭೋಗನದಾಗಲಿ, ಎತ್ತಿನ ಹೆಜ್ಜೆಯನ್ನೇ ನಂಬಬೇಕಾಗಿತ್ತು.

ಲಂಡನ್ ಮಿಷನ್ ಸಂಘದ ಬೆಂಜಮಿನ್ ರೈಸ್ ಎಂಬ ಪಾದ್ರಿಯು ಹೆಂಡತಿಯೊಡನೆ ಹೀಗೆ ಬೆಂಗಳೂರಿಗೆ ಬಂದು ನೆಲೆಸಿದವನು. 1837ನೆಯ ಇಸವಿ ಜುಲೈ 17ರಂದು ಆ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿತು. ನಮ್ಮಲ್ಲಾದರೆ ಬಸುರಿಯಾದ ಮಗಳನ್ನು ತವರಿಗೆ ಕರೆತರುವರು; ಬಾಣಂತನವು ತಾಯಿಯ ಕೈಯಲ್ಲಿ ನಡೆಯುವುದು. ಆ ದೊರೆಸಾನಿಯ ತವರು ಏಳು ಸಮುದ್ರದಾಚೆ ಇದ್ದಿತು. ಮೊಮ್ಮಗನು ಹುಟ್ಟಿದನೆಂಬ ಸುದ್ದಿ ಅಜ್ಜಿಗೆ ತಲಪುವಾಗ್ಗೆ ಕೂಸು ಮಗ್ಗುಲಾಗುವುದನ್ನು ಕಲಿತಿದ್ದಿರಬೇಕು. ಎಣ್ಣೆನೀರು, ಕಷಾಯ, ಕಾವಲು, ಧೈರ್ಯದ ಮಾತು ಇವುಗಳಲ್ಲಿ ದೊರೆತಷ್ಟೂ ಈ ನೆಲದ ಹೆಂಗಸರಿಂದಲೇ ದೊರೆಯಬೇಕಾಗಿತ್ತು.

ಭಾಷೆಯನ್ನು ಕಲಿಯುವುದಕ್ಕೆ ಆ ಮನೆಗಳಲ್ಲಿ ಎರಡು ಪಾಠಶಾಲೆಗಳಿದ್ದುವೆಂದು ಹೇಳಬಹುದು. ಮುಂದಿನ ಕೊಠಡಿಯಲ್ಲಿ ಪಂಡಿತನು ಪಾದ್ರಿಗೆ ಸಂಧಿಸಮಾಸಗಳನ್ನು ಬೋಧಿಸುತ್ತಿದ್ದನು. ಹಿತ್ತಿಲಿನಲ್ಲಿ ಹಾಲಿನವಳು, ಅಗಸ, ಅಡಿಗೆಯವನು, ಮಗುವನ್ನಾಡಿಸುವ ಆಯಾ, ಇವರು ದೊರೆಸಾನಿಗೂ ಮಕ್ಕಳಿಗೂ ಉಪಾಧ್ಯಾಯರು. ವ್ಯಾಕರಣವನ್ನು ಎಷ್ಟು ಓದಿದರೂ ಹಾಲಿಗೆ ನೀರು ಬೆರೆಸಿದವಳನ್ನು ವಿಚಾರಿಸುವ ಭಾಷೆ ಪಂಡಿತನಿಂದ ಬಾರದು. ಈ ನಾಡಿನಲ್ಲಿ ಹುಟ್ಟಿದ ಮಕ್ಕಳಿಗಂತೂ ಆಯಾಳ ಮಾತೇ ಮೊದಲನೆಯ ಪಾಠ. 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿರುವುದನ್ನು ವಿದ್ವಾಂಸರು ಕೊಂಡಾಡುವರು. ಅದರಲ್ಲಿ ಹಳಗನ್ನಡದ ಕಾವ್ಯಗಳೊಡನೆ ಜನರ ಬಾಯಿಯ ಗಾದೆಗಳೂ ಮನೆಮಾತುಗಳೂ ಸಾಲುಗೂಡಿ ಕುಳಿತಿವೆ. ಆ ಕಿಟ್ಟೆಲರೂ ಸಂಸಾರಿಗಳೇ. ಮೊದಲ ಹೆಂಡತಿ ಪೌಲೀನಳು ತೀರಿಕೊಳ್ಳಲು, ಆಕೆಯ ತಂಗಿ ಜೂಲಿಯನ್ನು ವರಿಸಿ ಮನೆಯನ್ನು ಮತ್ತೆ ಕಟ್ಟಿಕೊಂಡವರು.

ಇಂಥ ಬಾಳು ಕನ್ನಡನಾಡಿಗೆ ಬಂದವರ ಪಾಲಿಗೆ ಮಾತ್ರ ಬಂದುದಲ್ಲ. ರೈಸ್ ಪಾದ್ರಿಯನ್ನು ಇಲ್ಲಿಗೆ ಕಳುಹಿದ ಲಂಡನ್ ಸಂಘವೇ ರಾಬರ್ಟ್ ಮೊಫಟ್ ಎಂಬುವನನ್ನು ದಕ್ಷಿಣ ಆಫ್ರಿಕಾಕ್ಕೆ ಕಳುಹಿತ್ತು. 1819ರಲ್ಲಿ ಕೇಪ್‌ಟೌನಿನಲ್ಲಿ ಅವನ ಕೈಹಿಡಿದ ಮೇರಿಯು ಕುರುಮನ್ ಎಂಬ ದೂರದ ಠಾಣೆಯಲ್ಲಿ ಸಂಸಾರ ಹೂಡಿದಳು. ಅಲ್ಲಿ ನೆಲಕ್ಕೆ ಸಗಣಿ ಬಳಿಯುವ ವಾಡಿಕೆಯನ್ನು ಕಂಡು ಆಕೆ ಮೊದಮೊದಲು ಹೇಸಿದಳಂತೆ. ಕೆಲವು ಕಾಲ ಕಳೆದ ಮೇಲೆ ತನ್ನವರಿಗೆ ಬರೆದ ಕಾಗದದಲ್ಲಿ, ವಾರಕ್ಕೊಮ್ಮೆಯಾದರೂ ಕೋಣೆಗಳನ್ನು ಸಗಣಿಯಿಂದ ಸಾರಿಸದಿದ್ದರೆ ತನಗೇ ಸಮಾಧಾನವಿಲ್ಲವೆಂದೂ, ಧೂಳಡಗುವುದಕ್ಕೂ ಚಿಗಟ ಸಾಯುವುದಕ್ಕೂ ಅದಕ್ಕಿಂತ ಮೇಲಾದುದಿಲ್ಲವೆಂದೂ ತಿಳಿಸಿದಳು. ಮಾಗಡಿಯ ಯಾವ ಮುತ್ತೈದೆಯಾದರೂ ಇದನ್ನು ಕೇಳಿದ್ದರೆ, ಇಷ್ಟು ತಿಳಿಯುವುದಕ್ಕೆ ಸಮುದ್ರ ದಾಟಬೇಕಾಗಿತ್ತೆ ಎಂದು ನಗುತ್ತಿದ್ದಳು! ಕಲಿಸಲು ಹೋದವರು ಕಲಿತದ್ದೂ ಉಂಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಂಘದ ಸಂಬಳದ ಪಟ್ಟಿಯಲ್ಲಿದ್ದುದು ಗಂಡನ ಹೆಸರು; ದುಡಿದವರು ಮಾತ್ರ ಇಬ್ಬರು. ಬೆಂಗಳೂರಿನಲ್ಲಿ 1842ರಲ್ಲಿ ಕನ್ನಡದ ಹೆಣ್ಣುಮಕ್ಕಳಿಗಾಗಿ ಪಾಠಶಾಲೆಯನ್ನು ತೊಡಗಿಸಿದವರು ರೈಸ್ ಪಾದ್ರಿಯ ಹೆಂಡತಿ ಮತ್ತು ಸ್ಯೂಯೆಲ್ ಎಂಬ ಪಾದ್ರಿಯ ಹೆಂಡತಿ. ಆಗ ಮನೆಯಲ್ಲಿ ರೈಸರ ಮಗನಿಗೆ ಐದು ವರ್ಷ. ಹೆಣ್ಣಿಗೆ ಓದೇಕೆಂದು ಊರೇ ಕೇಳುತ್ತಿದ್ದ ಕಾಲದಲ್ಲಿ, ಸ್ವಂತ ಮಗುವನ್ನೂ ಮನೆಯನ್ನೂ ನೋಡಿಕೊಂಡು ಪರರ ಹೆಣ್ಣುಮಕ್ಕಳಿಗೆ ಅಕ್ಷರ ತಿದ್ದಿಸುವುದು ಸಾಮಾನ್ಯವಾದ ಕೆಲಸವಲ್ಲ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆಯೆಂದು ನಮ್ಮ ಸೀಮೆಯವರು ಕರೆಯುವ ಆಸ್ಪತ್ರೆಯು 1906ರಲ್ಲಿ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬಾಕೆಯ ನೆನಪಿಗಾಗಿ ತೆರೆದುದು. ಆಕೆಯೂ ವೆಸ್ಲಿಯನ್ ಪಾದ್ರಿಯೊಬ್ಬನ ಮಡದಿ.

ಇಲ್ಲಿಯವರೆಗೆ ಹೇಳಿದುದು ಕಷ್ಟವಾದರೂ ತಾಳಬಹುದಾದ ಕಷ್ಟ. ಇನ್ನು ಹೇಳುವುದು ತಾಯಿಯಾದವಳ ಕರುಳನ್ನು ಹಿಂಡುವ ಮಾತು. ಈ ಮನೆಗಳಲ್ಲಿ ಮಕ್ಕಳು ಉಳಿಯುತ್ತಿರಲಿಲ್ಲ. ಕೆಲವು ಮಕ್ಕಳನ್ನು ಕಾಲರಾ, ಜ್ವರ, ರಕ್ತಭೇದಿಗಳು ಒಯ್ದುವು. ಉಳಿದವರನ್ನು ತಂದೆತಾಯಿಗಳೇ ಹಡಗು ಹತ್ತಿಸಿದರು. ಇಲ್ಲಿನ ಬಿಸಿಲು ಆಗದೆಂಬುದೊಂದು ಭಯ, ತಕ್ಕ ವಿದ್ಯೆ ದೊರೆಯದೆಂಬುದೊಂದು ಚಿಂತೆ, ಮಕ್ಕಳು ತಮ್ಮ ಜನದ ರೀತಿನೀತಿಗಳಿಗೆ ಹೊರಗಾದಾರೆಂಬುದೊಂದು ಶಂಕೆ. ಮಂಗಳೂರು ಧಾರವಾಡಗಳಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಷನ್ನಿನವರಂತೂ 1853ರಲ್ಲಿ ಇದನ್ನು ಕಟ್ಟಳೆಯಾಗಿಯೇ ವಿಧಿಸಿದರು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯೂರೋಪಿಗೆ ಕಳುಹಿಬಿಡಬೇಕು. ಪಾದ್ರಿಯು ಮದುವೆಯಾಗಬೇಕಾದರೂ ಅದೇ ಸಂಘದ ಅಪ್ಪಣೆ ಬೇಕಾಗಿತ್ತು. ಮುಖಪರಿಚಯವೂ ಇಲ್ಲದ ವರನನ್ನು ನಂಬಿ ಹಡಗು ಹತ್ತಿದ ಕನ್ಯೆಯರೂ ಇದ್ದರು. ಮನೆಯ ಹಿರಿಯರು ನೋಡಿ ಒಪ್ಪಿದ ಮದುವೆಯನ್ನು ಬಲ್ಲ ನಮಗೆ ಇದು ಅಷ್ಟು ವಿಚಿತ್ರವಾಗಿ ತೋರದು. ಆರೇಳು ವರ್ಷದ ಮಗುವನ್ನು ಕಟ್ಟಳೆಯ ಮೇರೆಗೆ ಅಗಲುವುದು ಮಾತ್ರ ಎಷ್ಟು ಯೋಚಿಸಿದರೂ ಮನಸ್ಸಿಗೆ ಒಗ್ಗದು.

ಹರ್ಮನ್ ಗುಂಡರ್ಟನ ಮಗಳು ಮರೀ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದಳು. ಆ ಕಟ್ಟಳೆಗೂ ಮೊದಲೇ, 1846ರಲ್ಲಿ, ತಂದೆತಾಯಿಗಳು ಆಕೆಯನ್ನು ಯೂರೋಪಿನಲ್ಲಿ ಬಿಟ್ಟು ಹಿಂದಿರುಗಿದರು. ಮತ್ತೆ ಅವರನ್ನು ಆಕೆ ಕೂಡಿಕೊಂಡುದು 1857ರಲ್ಲಿ, ಹದಿನೈದರ ಪ್ರಾಯದಲ್ಲಿ. ನಾಲ್ಕರ ಕೂಸಾಗಿ ಅಗಲಿದವಳು ಬೆಳೆದ ಹುಡುಗಿಯಾಗಿ ಎದುರಿಗೆ ಬಂದು ನಿಂತಾಗ ತಾಯಿಗೆ ಏನೆನಿಸಿತೋ ವಾಚಕರೇ ಊಹಿಸಿಕೊಳ್ಳಬೇಕು. ಇದೇ ಮರೀಯ ಮಗನು ಹರ್ಮನ್ ಹೆಸ್ಸೆ. ‘ಸಿದ್ಧಾರ್ಥ’ವೆಂಬ ಕಾದಂಬರಿಯನ್ನು ಬರೆದು, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು. ದಕ್ಷಿಣ ಆಫ್ರಿಕಾದಲ್ಲಿಯೂ ಇದೇ ಕಥೆ. ಮೇಲೆ ಹೇಳಿದ ಮೇರಿ ಮೊಫಟ್ಟಳ ಮಗಳು, ಅವಳ ಹೆಸರೂ ಮೇರಿಯೇ, ಡೇವಿಡ್ ಲಿವಿಂಗ್‌ಸ್ಟನ್ನನ ಕೈಹಿಡಿದಳು. 1852ರಲ್ಲಿ ಅವನು ಹೆಂಡತಿಯನ್ನೂ ನಾಲ್ವರು ಮಕ್ಕಳನ್ನೂ ಕೇಪ್‌ಟೌನಿನಲ್ಲಿ ಹಡಗಿಗೆ ಹತ್ತಿಸಿ ತಾನು ಖಂಡದ ಒಳನಾಡಿಗೆ ನಡೆದನು. ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಅವರು ಒಬ್ಬರನ್ನೊಬ್ಬರು ಕಾಣಲಿಲ್ಲ. ಅವನ ಕೀರ್ತಿ ಲೋಕವನ್ನು ತುಂಬಿತು. ಆಕೆ 1862ರಲ್ಲಿ ಜಾಂಬೆಸಿ ನದಿಯ ದಡದಲ್ಲಿ ಜ್ವರದಿಂದ ಮಡಿದಳು.

ಅಗಲಿಕೆಯು ಒಂದೇ ಕಡೆಗೆ ಬಂದಿತೆಂದು ಹೇಳಿದರೆ ನ್ಯಾಯವಾಗದು. ಪಾದ್ರಿಗಳ ಮಾತನ್ನು ನಂಬಿ ಹೊರಟವರ ಮನೆಗಳಲ್ಲಿಯೂ ಅದೇ ದುಃಖ ಹೊಕ್ಕಿತು. ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯನು 1844ರಲ್ಲಿ ಕ್ರೈಸ್ತಮತವನ್ನು ಸೇರಿದನು. ಅವನ ಹೆಂಡತಿ ಲಕ್ಷ್ಮಿಯು ಅವನೊಡನೆ ಬಾಳಲು ಬರಲಿಲ್ಲ. ಅವನು ಬಾಸೆಲ್ಲಿನಲ್ಲಿ ಓದಿ ಪಾದ್ರಿಯಾಗಿ ಬಂದು, ಕಡೆಗೆ 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಸ್ತ್ರೀಯನ್ನು ಮದುವೆಯಾದನು. ಕೌಂಡಿನ್ಯನ ಧೈರ್ಯವನ್ನು ಒಂದು ಪಕ್ಷದವರು ಹೊಗಳಿದರು, ಇನ್ನೊಂದು ಪಕ್ಷದವರು ತೆಗಳಿದರು. ಲಕ್ಷ್ಮಿಯನ್ನು ವಿಚಾರಿಸಿದವರು ವಿರಳ. ಸಂಸಾರಿಯ ತಕ್ಕಡಿಯಲ್ಲಿ ಆಕೆಯ ತೂಕವೂ ಸೇರಬೇಕು. ಪಾದ್ರಿಗಳ ಮಕ್ಕಳನ್ನು ಎತ್ತಿ ಆಡಿಸಿ, ಅವು ಹಡಗು ಹತ್ತಿದ ದಿವಸ ಬರಿಗೈಯಲ್ಲಿ ನಿಂತ ಆಯಾಗಳ ತೂಕವೂ ಸೇರಬೇಕು.

ಹೀಗೆ ಹೋದವರಲ್ಲಿ ತಿರುಗಿ ಬಂದವರೂ ಉಂಟು. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಗಂಡುಮಗುವೂ ಇಂಗ್ಲೆಂಡಿಗೆ ಹೋಗಿ ವಿದ್ಯೆ ಕಲಿಯಿತು. 1860ರಲ್ಲಿ ಹುಟ್ಟಿದೂರಿಗೇ ಉಪಾಧ್ಯಾಯನಾಗಿ ಹಿಂದಿರುಗಿತು. ಅವರೇ ಬಿ. ಎಲ್. ರೈಸ್, ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿ, ಮೈಸೂರಿನ ಪ್ರಾಚ್ಯವಸ್ತು ಇಲಾಖೆಗೆ ಮೊದಲ ಅಧ್ಯಕ್ಷರಾಗಿ, ಒಂಬತ್ತು ಸಾವಿರದ ಸಮೀಪ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಬೆಳಕಿಗೆ ತಂದವರು. ಅದರ ಒಂಬತ್ತನೆಯ ಸಂಪುಟವು 1905ರದು. ಮಾಗಡಿ, ಚನ್ನಪಟ್ಟಣ, ಅಂದು ಕಾನಕಾನಹಳ್ಳಿಯೆನಿಸಿದ್ದ ಕನಕಪುರ, ಈ ಸೀಮೆಗಳ ಶಾಸನಗಳೆಲ್ಲ ಅದರಲ್ಲಿ ಊರಿನ ಹೆಸರು ಸಹಿತ ಅಚ್ಚಾಗಿವೆ. ದನ ಮೈಯುಜ್ಜುತ್ತಿದ್ದ, ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲುಗಳ ಮೇಲೆ ನಮ್ಮ ಹಿರಿಯರ ದಾನವೂ ವೀರಮರಣವೂ ಬರೆದಿವೆಯೆಂಬುದನ್ನು ನಮಗೆ ಓದಿ ಹೇಳಿದುದು ಒಂದು ಪಾದ್ರಿಯ ಮನೆಯಲ್ಲಿ ತೊದಲು ನುಡಿ ಕಲಿತ ಬಾಯಿ. ಅವರ ತಮ್ಮ ಇ. ಪಿ. ರೈಸ್ ತಂದೆಯಂತೆ ಪಾದ್ರಿಯೇ ಆಗಿ, 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ತಂದೆ ಬೆಂಜಮಿನ್ ರೈಸ್ ಐವತ್ತು ವರ್ಷ ಸೇವೆ ಮಾಡಿ 1887ರಲ್ಲಿ ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಗೆ ಮಕ್ಕಳ ಪುಸ್ತಕಕ್ಕಾಗಿ ಹೋಗುವ ನಮ್ಮವರು ಅಲ್ಲಿನ ರೈಸ್ ಸ್ಮಾರಕ ದೇವಾಲಯವನ್ನು ಕಂಡೇ ಇರುವರು. ಅದು ಅವರ ಹೆಸರಿನದು.

ಇಂಥ ಫಲ ದೊರೆತುದರಿಂದ ಆ ಅಗಲಿಕೆಯೆಲ್ಲ ಸಾರ್ಥಕವೆಂದು ನಾವು ತೀರ್ಪು ಕೊಡಲಾರೆವು. ಫಲವನ್ನುಂಡವರು ನಾವು, ಬೆಲೆಯನ್ನು ತೆತ್ತವರು ಅವರು. ಒಂದು ಮಾತನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಹುದು. ಯಾವ ಮಹತ್ಕಾರ್ಯದ ಕಥೆಯಲ್ಲಿಯೂ ಕರ್ತೃವಿನ ಹೆಸರಿನ ಹಿಂದೆ ಒಂದು ಮನೆಯಿರುತ್ತದೆ. ಅದರ ಕಂದಾಯವನ್ನು ಹೆಚ್ಚಾಗಿ ಹೆಂಗಸರೂ ಮಕ್ಕಳೂ ಕಟ್ಟುತ್ತಾರೆ. ಆ ರಸೀತಿಯಲ್ಲಿ ಅವರ ಹೆಸರಿರುವುದಿಲ್ಲ.

ನಮ್ಮ ನಾಲ್ಕು ಊರುಗಳ ಮನೆಗಳಿಂದಲೂ ಇಂದು ಮಕ್ಕಳು ವಿದ್ಯೆಗೂ ಉದ್ಯೋಗಕ್ಕೂ ಸಮುದ್ರದಾಚೆ ಹೋಗುತ್ತಿದ್ದಾರೆ. ರಾತ್ರಿ ಊಟವಾದ ಮೇಲೆ ದೂರವಾಣಿಯಲ್ಲಿ ಅವರ ಮುಖವನ್ನೇ ಕಂಡು ಮಾತನಾಡುವ ತಾಯಂದಿರಿಗೆ, ಕಾಗದಕ್ಕಾಗಿ ತಿಂಗಳುಗಟ್ಟಲೆ ಬಾಗಿಲು ಕಾದ ಆ ತಾಯಂದಿರ ಬಾಳು ಅರ್ಥವಾಗದೆ ಇರದು. ವಾಚಕರಲ್ಲಿ ಯಾರ ಊರಿನ ಹೊಲದ ಬದುವಿನಲ್ಲಾಗಲಿ ಗುಡಿಯ ಹಿಂದಾಗಲಿ ಅಕ್ಷರವಿರುವ ಕಲ್ಲೊಂದು ನಿಂತಿದ್ದರೆ, ಮುಂದಿನ ರಜೆಗೆ ಬಂದ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಲಿ. ಅದನ್ನು ಬರೆಸಿದ ಅರಸನ ಹೆಸರನ್ನು ಹೇಳಲಿ, ಓದಿದ ವಿದ್ವಾಂಸರ ಹೆಸರನ್ನು ಹೇಳಲಿ. ಆ ವಿದ್ವಾಂಸರ ಬಾಯಿಗೆ ಮೊದಲ ಕನ್ನಡವನ್ನು ಹಾಕಿದ, ಹೆಸರು ಉಳಿಯದ ಹೆಂಗಸೊಬ್ಬಳು ಬೆಂಗಳೂರಿನಲ್ಲಿ ಇದ್ದಳೆಂಬುದನ್ನೂ ಹೇಳಲಿ.