ಈಜುಕೊಳದ ಹಠಮಾರಿ ಕ್ಲೋರಿನ್

ನಮ್ಮ ಹಿರಿಯರಿಗೆ ಕೊಳವೆಂದರೆ ಊರಿನದು, ಮನೆಯದಲ್ಲ. ದೇವಾಲಯದ ಮುಂದಿನ ಕಲ್ಯಾಣಿಯಲ್ಲಿ ಮೀನಿತ್ತು, ಆಮೆಯಿತ್ತು, ವರ್ಷಕ್ಕೊಮ್ಮೆ ಮಳೆಯ ಹೊಸ ನೀರು ಬರುತ್ತಿತ್ತು. ತನ್ನ ಆರೋಗ್ಯವನ್ನು ಅದು ತಾನೇ ನೋಡಿಕೊಳ್ಳುತ್ತಿತ್ತು. ನೋಡಿಕೊಳ್ಳಲಾರದ ವರ್ಷ ಊರಿಗೆ ಬೇನೆ ಬರುತ್ತಿತ್ತು. ಸಂಸಾರವೊಂದು ತನ್ನ ಹಿತ್ತಲಿನಲ್ಲೇ ಕೊಳ ಕಟ್ಟಿಸಿಕೊಂಡು ಈಜುವ ಪದ್ಧತಿ ಬಲಗೊಂಡದ್ದು ಎರಡನೆಯ ಮಹಾಯುದ್ಧದ ನಂತರ, ಅಮೆರಿಕದ ಬಿಸಿಲುಸೀಮೆಯಲ್ಲಿ: ಕ್ಯಾಲಿಫೋರ್ನಿಯಾ, ಅರಿಜೋನಾ, ಫ್ಲಾರಿಡಾ ಮೊದಲಾದ ಕಡೆಗಳಲ್ಲಿ. ಅಲ್ಲಿ ಹೋಗಿ ನೆಲೆಸಿದ ಕನ್ನಡಿಗರ ಹಿತ್ತಲುಗಳಲ್ಲೂ ಇಂದು ಇಂಥ ಕೊಳಗಳುಂಟು. ಬೆಂಗಳೂರಿನ ಹೊರವಲಯದ ಕೆಲವು ಮನೆಗಳಲ್ಲೂ ಉಂಟು. ಈ ಕೊಳದ ನೀರು ಹರಿದು ಹೋಗುವ ನೀರಲ್ಲ. ವರ್ಷಗಟ್ಟಲೆ ಅದೇ ನೀರು ಸೋಸುವ ಯಂತ್ರದೊಳಗೆ ಹೋಗಿ ಮರಳಿ ಬರುತ್ತಿರುತ್ತದೆ. ಅದನ್ನು ಕೊಳೆಯದಂತೆ ಕಾಯುವ ಹೊಣೆ ಬಹುಮಟ್ಟಿಗೆ ಒಂದೇ ಒಂದು ಮೂಲವಸ್ತುವಿನದು. ಹೊಲಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಮೂಗಿಗೆ ಬಡಿಯುವ ಆ ಕ್ಲೋರಿನ್ನೇ ಇದು.

ಕೊಳವಿಟ್ಟುಕೊಂಡವರ ದೂರುಗಳು ಮೂರು ಬಗೆ. ಹಾಕಿದ ಕ್ಲೋರಿನ್ ಸಂಜೆ ಇದ್ದದ್ದು ಬೆಳಗಾಗುವಷ್ಟರಲ್ಲಿ ಇಲ್ಲ ಎನ್ನುವುದು ಒಂದು. ಕ್ಲೋರಿನ್ ಹೆಚ್ಚಾಗಿ ಕಣ್ಣು ಉರಿಯುತ್ತದೆ, ವಾಸನೆ ತಡೆಯಲಾಗದು ಎನ್ನುವುದು ಇನ್ನೊಂದು. ಅಳತೆಯಲ್ಲಿ ಬೇಕಾದಷ್ಟಿದೆ, ಆದರೂ ನೀರು ಹಸಿರಾಗುತ್ತಿದೆ ಎನ್ನುವುದು ಮೂರನೆಯದು. ಮೂರಕ್ಕೂ ಅಂಗಡಿಯವನು ಕೊಡುವ ಮದ್ದು ಸಾಮಾನ್ಯವಾಗಿ ಒಂದೇ, ಇನ್ನೊಂದು ಡಬ್ಬಿ. ರೋಗ ಬೇರೆ ಬೇರೆಯಾದ್ದರಿಂದ ಆ ಡಬ್ಬಿ ಕೆಲವೊಮ್ಮೆ ಗುಣ ಮಾಡುತ್ತದೆ, ಕೆಲವೊಮ್ಮೆ ರೋಗವನ್ನೇ ಹೆಚ್ಚಿಸುತ್ತದೆ.

ಎರಡನೆಯ ದೂರನ್ನೇ ಮೊದಲು ನೋಡೋಣ. ಅದರಲ್ಲಿರುವ ತಪ್ಪು ತಿಳಿವಳಿಕೆ ಅಪಾಯಕಾರಿಯಾದದ್ದು. ಈಜುಕೊಳದ ಆ ಘಾಟು ಕ್ಲೋರಿನ್ನಿನ ಆಧಿಕ್ಯದ ಗುರುತಲ್ಲ, ಅದರ ಕೊರತೆಯ ಗುರುತು. ಮನುಷ್ಯನ ಬೆವರಿನಲ್ಲೂ ಮೂತ್ರದಲ್ಲೂ ಯೂರಿಯಾ, ಅಮೋನಿಯಾಗಳಿರುತ್ತವೆ. ಕ್ಲೋರಿನ್ ಇವುಗಳೊಡನೆ ಕೂಡಿ ಕ್ಲೋರಮೀನ್ ಎಂಬ ಸಂಯುಕ್ತಗಳಾಗುತ್ತದೆ. ಮೂಗನ್ನು ಚುಚ್ಚುವುದು, ಕಣ್ಣನ್ನು ಕೆಂಪಗೆ ಮಾಡುವುದು ಈ ಕ್ಲೋರಮೀನುಗಳು. ಅವುಗಳಿಗೆ ರೋಗಾಣುವನ್ನು ಕೊಲ್ಲುವ ಶಕ್ತಿ ಬಹಳ ಕಡಿಮೆ. ಹಾಗಾಗಿ ಪರೀಕ್ಷೆಯಲ್ಲಿ ಎರಡು ಲೆಕ್ಕಗಳಿರುತ್ತವೆ: ಕೆಲಸಕ್ಕೆ ಸಿದ್ಧವಾಗಿರುವ ಮುಕ್ತ ಕ್ಲೋರಿನ್, ಆಗಲೇ ಕೆಲಸ ಮುಗಿಸಿ ಹೊಲಸಿಗೆ ಅಂಟಿಕೊಂಡಿರುವ ಸಂಯುಕ್ತ ಕ್ಲೋರಿನ್. ವಾಸನೆ ಬಂತೆಂದು ಹೆದರಿ ಮದ್ದನ್ನು ನಿಲ್ಲಿಸುವ ಗೃಹಸ್ಥ, ಕಾವಲುಗಾರ ಗೊರಕೆ ಹೊಡೆಯುತ್ತಾನೆಂದು ಅವನನ್ನು ಎಬ್ಬಿಸುವ ಬದಲು ಮನೆಗೆ ಕಳುಹಿಸಿದಂತಾಯಿತು. 1998ರ ಜೂನ್ ತಿಂಗಳಿನಲ್ಲಿ ಅಮೆರಿಕದ ಅಟ್ಲಾಂಟಾ ನಗರದ ಬಳಿಯ ಜಲಕ್ರೀಡಾ ಉದ್ಯಾನವೊಂದರಲ್ಲಿ ಎಳೆಯ ಮಕ್ಕಳ ಕೊಳದಿಂದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಘೋರ ತಳಿ ಹಬ್ಬಿ 26 ಮಕ್ಕಳು ಕಾಯಿಲೆ ಬಿದ್ದರು; ಒಂದು ಮಗು ತೀರಿಕೊಂಡಿತು. ಆ ಕೊಳದಲ್ಲಿ ಕ್ಲೋರಿನ್ ಇರಬೇಕಾದ ಮಟ್ಟದಲ್ಲಿರಲಿಲ್ಲವೆಂದು ತನಿಖೆಯಲ್ಲಿ ಕಂಡುಬಂತು. ಹಿತ್ತಲಿನ ಕೊಳಕ್ಕೂ ಸೂಕ್ಷ್ಮಾಣುವಿಗೂ ಬೇರೆ ನಿಯಮಗಳಿಲ್ಲ.

ಕ್ಲೋರಮೀನನ್ನು ಕಳೆಯುವ ಉಪಾಯ ಮೇಲುನೋಟಕ್ಕೆ ವಿಪರೀತವೆನಿಸುತ್ತದೆ: ಇನ್ನಷ್ಟು ಕ್ಲೋರಿನ್. ನೀರಿನಲ್ಲಿ ಅಮೋನಿಯಾ ಇರುವಾಗ ಕ್ಲೋರಿನ್ ಬೆರೆಸುತ್ತ ಹೋದರೆ ಮೊದಲು ಕ್ಲೋರಮೀನು ಏರುತ್ತದೆ. ಒಂದು ಹಂತ ದಾಟಿದ ಮೇಲೆ, ಆಶ್ಚರ್ಯವೆಂಬಂತೆ, ಹಾಕುತ್ತಿದ್ದರೂ ಅಳತೆ ಇಳಿಯತೊಡಗುತ್ತದೆ. ಕ್ಲೋರಮೀನುಗಳು ಒಡೆದು, ಅವುಗಳ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಈ ಇಳಿತದ ತಳಕ್ಕೆ ಒಡೆಬಿಂದುವೆಂದು ಹೆಸರು. ಅದರಾಚೆ ಹಾಕಿದ ಕ್ಲೋರಿನ್ ಮಾತ್ರವೇ ಮುಕ್ತವಾಗಿ ಉಳಿಯುವುದು. ಅಮೋನಿಯಾದಲ್ಲಿರುವ ಸಾರಜನಕದ ಒಂದು ಭಾಗಕ್ಕೆ ತೂಕದಲ್ಲಿ ಎಂಟರಿಂದ ಹತ್ತು ಭಾಗ ಕ್ಲೋರಿನ್ ಬೇಕು. ಅರ್ಧ ದಾರಿಗೆ ನಿಲ್ಲಿಸಿದವನಿಗೆ ಘಾಟು ಮೊದಲಿಗಿಂತ ಹೆಚ್ಚು. ದಿನವೂ ಚಿಟಿಕೆ ಚಿಟಿಕೆಯಾಗಿ ಹಾಕಿ ತಿಂಗಳುಗಟ್ಟಲೆ ಸೋಲುವವರ ಕಥೆಯೆಲ್ಲ ಇಷ್ಟೇ.

ಇನ್ನು ಮೊದಲನೆಯ ದೂರು, ಕ್ಲೋರಿನ್ ಮಾಯವಾಗುವುದು. ಕದಿಯುವವರು ಇಬ್ಬರು: ಹಗಲಿನಲ್ಲಿ ಸೂರ್ಯ, ಹಗಲಿರುಳೆನ್ನದೆ ಕೊಳೆ. ಸೂರ್ಯನ ಅತಿನೇರಳೆ ಕಿರಣಗಳಿಗೆ ಸಿಕ್ಕ ಬರಿಯ ಕ್ಲೋರಿನ್ ಮುಕ್ಕಾಲು ಗಂಟೆಯೊಳಗೆ ಅರ್ಧಕ್ಕೆ ಇಳಿಯಬಲ್ಲದು. ಕಳ್ಳ ಯಾರೆಂದು ಹಿಡಿಯಲು ಸುಲಭವಾದ ಪರೀಕ್ಷೆಯೊಂದಿದೆ. ಸೂರ್ಯಾಸ್ತದ ಮೇಲೆ ಪಂಪು ನಡೆಸಿ, ನೀರು ಬೆರೆತ ನಂತರ ಮುಕ್ತ ಕ್ಲೋರಿನ್ನನ್ನು ಅಳೆದಿಡುವುದು. ಸೂರ್ಯೋದಯಕ್ಕೆ ಮುಂಚೆ ಮತ್ತೆ ಅಳೆಯುವುದು. ರಾತ್ರಿಯ ನಷ್ಟ ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಾಗಿದ್ದರೆ ನೀರಿನೊಳಗೆ ಪಾಚಿಯೋ ಕೊಳೆಯೋ ಅಮೋನಿಯಾವೋ ಇದೆ ಎಂದರ್ಥ. ರಾತ್ರಿ ಸೂರ್ಯನ ಮೇಲೆ ತಪ್ಪು ಹೊರಿಸುವಂತಿಲ್ಲವಲ್ಲ.

ಚಳಿಗಾಲದಲ್ಲಿ ಹೊದಿಕೆ ಎಳೆದು ಮುಚ್ಚಿದ ಕೊಳವನ್ನು ವಸಂತದಲ್ಲಿ ತೆರೆಯುವ ಊರುಗಳಲ್ಲಿ ಈ ಹಸಿವು ಭಯಂಕರವಾಗಿರುತ್ತದೆ. ಕ್ಲೋರಿನ್ ಇಲ್ಲದೆ ಕಳೆದ ತಿಂಗಳುಗಳಲ್ಲಿ ಕೆಲವು ಬ್ಯಾಕ್ಟೀರಿಯಾಗಳು, ನೀರಿನಲ್ಲಿದ್ದ ಸಯನ್ಯೂರಿಕ್ ಆಮ್ಲವನ್ನೇ ತಿಂದು ಅಮೋನಿಯಾ ಮಾಡಿಡುತ್ತವೆ. ನೀರು ತಿಳಿಯಾಗಿಯೇ ಕಾಣಬಹುದು. ಹಾಕಿದ ಕ್ಲೋರಿನ್ ಮಾತ್ರ ಅರ್ಧ ಗಂಟೆಯಲ್ಲಿ ಶೂನ್ಯ. 50,000 ಲೀಟರಿನ ಕೊಳದಲ್ಲಿ ಲೀಟರಿಗೆ 3 ಮಿಲಿಗ್ರಾಂ ಅಮೋನಿಯಾ ಸಾರಜನಕವಿದೆ ಎನ್ನೋಣ. ಒಡೆಬಿಂದುವಿಗೆ ಲೀಟರಿಗೆ 30 ಮಿಲಿಗ್ರಾಂ, ಅಂದರೆ ಒಟ್ಟು ಒಂದೂವರೆ ಕಿಲೋ ಕ್ಲೋರಿನ್ ಬೇಕು. ನೂರಕ್ಕೆ ಹನ್ನೆರಡೂವರೆ ಬಲದ ದ್ರಾವಣದಲ್ಲಿ ಸುಮಾರು 12 ಲೀಟರ್. ಮನೆಯಾತ ಒಂದೆರಡು ಲೀಟರ್ ಸುರಿದು ಕೈಚೆಲ್ಲುವುದು ಸಹಜ. ಬೇಕಾದ ಮೊತ್ತವನ್ನು ಮೊದಲೇ ತಿಳಿಯಲು ಕೊಳದ ನೀರನ್ನು ಒಂದೇ ಅಳತೆಯಲ್ಲಿ ಮೂರು ನಾಲ್ಕು ಬಕೆಟ್ಟುಗಳಿಗೆ ತುಂಬಿ, ಒಂದೊಂದಕ್ಕೆ ಒಂದೊಂದು ಪ್ರಮಾಣದ ಮದ್ದು ಹಾಕಿ ನೆರಳಿನಲ್ಲಿಟ್ಟು ನೋಡಬಹುದು. ಯಾವ ಬಕೆಟ್ಟಿನಲ್ಲಿ ಕ್ಲೋರಿನ್ ಉಳಿಯಿತೋ ಕೊಳಕ್ಕೂ ಅದೇ ಲೆಕ್ಕ. ಸಂಗ್ರಹದಲ್ಲಿಟ್ಟ ದ್ರಾವಣ ಸೆಕೆಗೆ ಬಲ ಕಳೆದುಕೊಳ್ಳುತ್ತದೆಂಬುದನ್ನೂ ಗಮನಿಸಬೇಕು. ಬೇಸಿಗೆಯಿಡೀ ಮೂಲೆಯಲ್ಲಿದ್ದ ಕ್ಯಾನಿನ ಮೇಲಿನ ಅಂಕಿಯನ್ನು ನಂಬುವಂತಿಲ್ಲ.

ಸಯನ್ಯೂರಿಕ್ ಆಮ್ಲದ ಹೆಸರು ಬಂತು. ಮೂರನೆಯ ದೂರಿನ ಮೂಲ ಬಹುಪಾಲು ಇಲ್ಲಿದೆ. ಈ ಬಿಳಿಯ ಪುಡಿ ಕ್ಲೋರಿನ್ನನ್ನು ಸಡಿಲವಾಗಿ ಹಿಡಿದುಕೊಂಡು ಬಿಸಿಲಿನಿಂದ ಮರೆಮಾಡುತ್ತದೆ. 1950ರ ದಶಕದ ಕೊನೆಯಿಂದ ತೆರೆದ ಕೊಳಗಳಲ್ಲಿ ಬಳಕೆಗೆ ಬಂತು. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಉಪಕಾರವೇ. ಆದರೆ ಹಿಡಿದುಕೊಂಡ ಕ್ಲೋರಿನ್ ಅಷ್ಟರಮಟ್ಟಿಗೆ ಕೈಕಟ್ಟಿ ಕುಳಿತಂತೆಯೇ. ಎಷ್ಟು ಕಟ್ಟುಬೀಳುತ್ತದೆಂಬ ರಾಸಾಯನಿಕ ಲೆಕ್ಕವನ್ನು 1974ರಲ್ಲಿ ಒಬ್ರಿಯೆನ್, ಮಾರಿಸ್, ಬಟ್ಲರ್ ಎಂಬ ಮೂವರು ಪ್ರಕಟಿಸಿದರು. ಆ ಲೆಕ್ಕದಂತೆ, ಮುಕ್ತ ಕ್ಲೋರಿನ್ 3 ಎಂದು ಅಳತೆ ಬಂದರೂ ಆಮ್ಲ 100 ಮುಟ್ಟಿದ್ದರೆ, ನಿಜವಾಗಿ ರೋಗಾಣುವನ್ನು ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಅದರ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಪರೀಕ್ಷೆಯ ಬಣ್ಣಕ್ಕೆ ಈ ಭೇದ ತಿಳಿಯದು. ಕಟ್ಟುಬಿದ್ದದ್ದನ್ನೂ ಅದು ಮುಕ್ತವೆಂದೇ ಎಣಿಸುತ್ತದೆ. ಪಾಚಿಗೆ ತಿಳಿಯುತ್ತದೆ.

ಇಷ್ಟೊಂದು ಆಮ್ಲ ಬರುವುದೆಲ್ಲಿಂದ? ಯಾರೂ ಬೇಕೆಂದು ಹಾಕಿದ್ದಲ್ಲ. ತೇಲುವ ಬುಟ್ಟಿಯಲ್ಲಿಟ್ಟು ಮರೆತುಬಿಡುವ ಅನುಕೂಲದ ಬಿಲ್ಲೆಗಳು ಟ್ರೈಕ್ಲೋರ್ ಎಂಬ ಸಂಯುಕ್ತ. ಅವು ಕ್ಲೋರಿನ್ನನ್ನೂ ಸಯನ್ಯೂರಿಕ್ ಆಮ್ಲವನ್ನೂ ಜೊತೆಯಾಗಿಯೇ ಬಿಡುತ್ತವೆ. ಹತ್ತು ಪಾಲು ಕ್ಲೋರಿನ್ನಿಗೆ ಆರು ಪಾಲು ಆಮ್ಲ. ಕ್ಲೋರಿನ್ ದಿನದಿನಕ್ಕೆ ಖರ್ಚಾಗುತ್ತದೆ, ಆಮ್ಲ ಉಳಿಯುತ್ತದೆ. ದಿನಕ್ಕೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ನಿನಂತೆ ಬಿಲ್ಲೆ ಕರಗಿಸಿದರೆ ತಿಂಗಳಿಗೆ 36, ಮೂರು ತಿಂಗಳಿಗೆ 100ಕ್ಕೆ ಮೀರಿದ ಆಮ್ಲ. ಆಗ ನೀರು ಹಸಿರಾದರೆ ಮತ್ತಷ್ಟು ಬಿಲ್ಲೆ ಹಾಕುವುದು ಸಾಲ ತೀರಿಸಲು ಸಾಲ ಮಾಡಿದಂತೆ. ಇದನ್ನು ತೆಗೆಯಲು ನಂಬಬಹುದಾದ ದಾರಿ, ನೀರಿನ ಒಂದು ಭಾಗವನ್ನು ಹೊರಹಾಕಿ ಹೊಸ ನೀರು ತುಂಬುವುದು; ಅರ್ಧ ಬದಲಿಸಿದರೆ ಅರ್ಧ ಇಳಿಯುತ್ತದೆ. ಅರಿಜೋನಾದಂಥ ಮರುಭೂಮಿಯಲ್ಲಿ ಅದು ಸಣ್ಣ ಮಾತಲ್ಲ. ಅದಕ್ಕಾಗಿ ಆರಂಭದಿಂದಲೇ ದ್ರವರೂಪದ ಹೈಪೋಕ್ಲೋರೈಟನ್ನು ಬಳಸುವುದು ಮೇಲೆಂದು ನನ್ನ ಅಭಿಪ್ರಾಯ. ದಿನವೂ ಕೈ ಒದ್ದೆಯಾಗುತ್ತದೆ, ಆದರೆ ಬೇಡದ ಅತಿಥಿ ಬರುವುದಿಲ್ಲ.

ಪಿಎಚ್ ವಿಚಾರವನ್ನು ಚುಟುಕಾಗಿ ಹೇಳಬೇಕು. ಆ ಆಮ್ಲವಿಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಮುಕ್ತ ಕ್ಲೋರಿನ್ನಿನ ಅರ್ಧದಷ್ಟು ಹೈಪೋಕ್ಲೋರಸ್ ಆಮ್ಲವಾಗಿರುತ್ತದೆ; 8ಕ್ಕೆ ಏರಿದರೆ ಕಾಲುಭಾಗ, 8.5ಕ್ಕೆ ಹತ್ತರಲ್ಲೊಂದು ಪಾಲು. ಸಯನ್ಯೂರಿಕ್ ಬೆರೆತ ನೀರಿನಲ್ಲಿ ಈ ಇಳಿತ ಅಷ್ಟು ಕಡಿದಲ್ಲ. ಪಿಎಚ್ 7ರಿಂದ 7.8ರ ನಡುವೆ ಇರಲಿ ಎಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ಸಲಹೆ. ಮುಕ್ತ ಕ್ಲೋರಿನ್ ಕನಿಷ್ಠ 1, ಸಯನ್ಯೂರಿಕ್ ಇರುವಲ್ಲಿ ಕನಿಷ್ಠ 2.

ಅಳತೆಯೇ ಮೋಸ ಮಾಡುವ ಸಂದರ್ಭವೂ ಒಂದಿದೆ. 1957ರಲ್ಲಿ ಪಾಲಿನ್ ಎಂಬಾತ ರೂಪಿಸಿದ ಡಿಪಿಡಿ ಪರೀಕ್ಷೆಯಲ್ಲಿ ಕ್ಲೋರಿನ್ ಇದ್ದಷ್ಟೂ ನೀರು ಗುಲಾಬಿಯಾಗುತ್ತದೆ. ಕ್ಲೋರಿನ್ ಅತಿಯಾಗಿದ್ದರೆ ಆ ಗುಲಾಬಿಯನ್ನೂ ಅದು ಬಿಳಿಚಿಸಿಬಿಡುತ್ತದೆ. ಬಣ್ಣವಿಲ್ಲ, ಆದ್ದರಿಂದ ಕ್ಲೋರಿನ್ ಇಲ್ಲವೆಂದು ಬಗೆದು ಇನ್ನಷ್ಟು ಸುರಿದವರುಂಟು. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು ಐದರಿಂದ ಗುಣಿಸಿದರೆ ನಿಜ ತಿಳಿಯುತ್ತದೆ. ದೊಡ್ಡವರೂ ಅಳತೆಗೆ ಮೋಸಹೋಗುತ್ತಾರೆ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಡೈವಿಂಗ್ ಕೊಳ ಒಂದೇ ದಿನದಲ್ಲಿ ಹಸಿರಾದದ್ದನ್ನು ಲೋಕವೆಲ್ಲ ಟೆಲಿವಿಷನ್ನಿನಲ್ಲಿ ನೋಡಿತು. ಉದ್ಘಾಟನೆಯ ದಿನ ಗುತ್ತಿಗೆದಾರನೊಬ್ಬ ಕೊಳವೊಂದಕ್ಕೆ 80 ಲೀಟರಿನಂತೆ ಹೈಡ್ರೊಜನ್ ಪೆರಾಕ್ಸೈಡ್ ಹಾಕಿದ್ದ. ಅದು ಕ್ಲೋರಿನ್ನನ್ನು ನಿಷ್ಫಲಗೊಳಿಸಿತು, ವಿದ್ಯುನ್ಮಾನ ಮಾಪಕ ಮಾತ್ರ ಎಲ್ಲವೂ ಸರಿಯಾಗಿದೆಯೆಂದೇ ಹೇಳುತ್ತಿತ್ತು. ಪಕ್ಕದ ಕೊಳದ ಸುಮಾರು 37 ಲಕ್ಷ ಲೀಟರ್ ನೀರನ್ನು ಬದಲಿಸಬೇಕಾಯಿತು.

ಒಡೆಬಿಂದುವಿನ ಚಿಕಿತ್ಸೆಗೆ ಇಳಿಯುವವರು ಸಂಜೆಯ ಹೊತ್ತನ್ನು ಆರಿಸಿಕೊಳ್ಳಬೇಕು. ಹೊದಿಕೆ ಪೂರ್ತಿ ತೆಗೆದಿರಬೇಕು, ಪಂಪು ನಡೆಯುತ್ತಿರಬೇಕು. ಮದ್ದನ್ನು ನೀರಿಗೆ ಹಾಕಬೇಕೇ ಹೊರತು ಮದ್ದಿನ ಮೇಲೆ ನೀರು ಹೊಯ್ಯಬಾರದು. ಬಿಲ್ಲೆಯ ಟ್ರೈಕ್ಲೋರನ್ನೂ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿಯನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಸೇರಿಸಿದರೆ ಬೆಂಕಿಯೇಳಬಹುದು, ಸ್ಫೋಟವೂ ಆಗಬಹುದು; ಆಮ್ಲಕ್ಕೆ ಹೈಪೋಕ್ಲೋರೈಟ್ ತಗುಲಿದರೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕೊಂದ ಅದೇ ಅನಿಲ ಹೊರಡುತ್ತದೆ. ಏಣಿಯ ಹಿಂಬದಿ, ನೀರೊಳಗಿನ ದೀಪದ ಗೂಡು, ಮೆಟ್ಟಿಲಿನ ಸಂದು, ಇವೇ ಪಾಚಿ ಅವಿತುಕೊಳ್ಳುವ ಜಾಗಗಳು. ಬ್ರಷ್ಷಿನಿಂದ ಉಜ್ಜದೆ ಅಲ್ಲಿಗೆ ಕ್ಲೋರಿನ್ ತಲುಪದು. ರಾತ್ರಿಯ ನಷ್ಟ 1ಕ್ಕಿಂತ ಕೆಳಗಿಳಿದು, ಸಂಯುಕ್ತ ಕ್ಲೋರಿನ್ ಅರ್ಧಕ್ಕಿಂತ ಕಡಿಮೆಯಾಗಿ, ಏರಿಸಿದ ಮುಕ್ತ ಕ್ಲೋರಿನ್ 4ರ ಆಸುಪಾಸಿಗೆ ಬರುವ ತನಕ ಮಕ್ಕಳನ್ನು ನೀರಿಗೆ ಬಿಡಬಾರದು.