ಮಲ್ಲಿಗೆಯ ಪರಿಮಳಕ್ಕೆ ಮನಸ್ಸು ಅರಳುವುದೇಕೆ?

ನವಿ ಮುಂಬೈನ ಖಾರಘರದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ದಾಖಲಾಗಿರುವ ಅಮ್ಮನಿಗೆ ಶಂಕರಪುರ ಮಲ್ಲಿಗೆಯೆಂದರೆ ಜೀವ. ಹೂವಿನ ಪರಿಮಳದಿಂದ ಮನಸ್ಸು ಹಗುರಾಗುವುದೇಕೆ? ಆಸ್ಪತ್ರೆಗೆ ಹೂವು ಒಯ್ಯಬಹುದೇ?

ಕಂಡದ್ದು, ಕೇಳಿದ್ದು ಮೊದಲು ಮಿದುಳಿನ ಥಲಾಮಸ್ ದಾಟಬೇಕು, ಆಸ್ಪತ್ರೆಯ ಗೇಟಿನಲ್ಲಿ ಪಾಸು ತೋರಿಸಿ ಒಳಹೋಗುವವರಂತೆ. ವಾಸನೆಗೆ ಆ ಕಟ್ಟಳೆಯಿಲ್ಲ. ಮಲ್ಲಿಗೆಯಿಂದ ಹೊಮ್ಮುವ ಅಣುಗಳು ಮೂಗಿನ ಮೇಲ್ಭಾಗದ ನರಕೋಶಗಳಿಗೆ ತಾಕುತ್ತವೆ. ಅಲ್ಲಿಂದ ಸಂದೇಶ ಭಾವನೆ, ನೆನಪುಗಳ ಕೇಂದ್ರಗಳಿಗೆ ಬೇಗನೆ ಮುಟ್ಟುತ್ತದೆ. ಹೂವಿನ ಹೆಸರು ಹೊಳೆಯುವ ಮೊದಲೇ ತವರಿನ ಅಂಗಳ ನೆನಪಾಗುವುದು ಹೀಗೆ.

ಒಯ್ಯುವ ಮೊದಲು ಮಾತ್ರ ವೈದ್ಯರನ್ನು ಕೇಳಲೇಬೇಕು. ಕಿಮೋಥೆರಪಿಯಿಂದ ಬಿಳಿ ರಕ್ತಕಣ ಕುಸಿದಾಗ ಹೂದಾನಿಯ ನೀರಿನ ಬ್ಯಾಕ್ಟೀರಿಯಾ, ಕುಂಡದ ಮಣ್ಣಿನ ಶಿಲೀಂಧ್ರ ಸೋಂಕು ತರಬಲ್ಲವು. ಕೆಲವರಿಗೆ ಆಗ ಪರಿಮಳವೇ ವಾಕರಿಕೆ ಬರಿಸುತ್ತದೆ. ಅಂಥ ದಿನಗಳಲ್ಲಿ ಊರಿನ ಮಲ್ಲಿಗೆ ಗಿಡದ ಫೋಟೊ ತೋರಿಸಿ.